ಕಲಬುರಗಿ ಸೀಮೆಯಲ್ಲಿ ಕುಳಿತು ಪತ್ತೇದಾರಿ ಕಾದಂಬರಿ ಬರೆಯುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹೊಸ ಬರಹಗಾರರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ದಿನದ ಯಾವ ಹೊತ್ತಿನಲ್ಲಿ ಬರೆಯಬೇಕು, ಪೊಲೀಸರ ಕೆಲಸದ ವಿವರ ಎಲ್ಲಿ ಸಿಗುತ್ತದೆ, ಯಾರನ್ನು ಓದಬೇಕು, ನಮ್ಮ ಊರಿನ ಕೊಲೆಯ ಕಥೆಯನ್ನು ಬೇರೆ ಕಡೆಯ ಓದುಗರು ಒಪ್ಪುತ್ತಾರೆಯೇ. ಕೊನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ಊರು ಸರಿಯಾಗಿ ಮೂಡಿದ್ದರೆ ಎಲ್ಲಿಯವರೂ ಒಪ್ಪುತ್ತಾರೆ. ಉಳಿದವುಗಳಿಗೆ ಕೆಲಸ ಮಾಡುವ ಕ್ರಮದಲ್ಲಿಯೇ ಉತ್ತರ ಕೊಡುವುದು ಮೇಲು ಎಂದು ಈ ಲೇಖನ ಬರೆದಿದ್ದೇನೆ. ಇದರ ಉದ್ದಕ್ಕೂ ನಾನು ಒತ್ತಿ ಹೇಳುವುದು ಒಂದೇ ಸಂಗತಿ: ಪತ್ತೇದಾರಿ ಕಾದಂಬರಿ ನಿಲ್ಲುವುದು ಅಥವಾ ಬೀಳುವುದು ಕಾಲದ ಲೆಕ್ಕದ ಮೇಲೆ. ಯಾವ ವರ್ಷ, ಯಾವ ತಿಂಗಳು, ಎಷ್ಟು ಗಂಟೆಗೆ, ಎಷ್ಟು ದಿನದ ಒಳಗೆ ಎಂಬುದು ಗೊತ್ತಿಲ್ಲದೆ ಬರೆದ ಕಥೆಯಲ್ಲಿ ಭಾಷೆ ಎಷ್ಟೇ ಚೆನ್ನಾಗಿದ್ದರೂ ಓದುಗನ ಅನುಮಾನ ಅಪರಾಧಿಯನ್ನು ಬಿಟ್ಟು ಲೇಖಕನ ಮೇಲೆ ತಿರುಗುತ್ತದೆ.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ. ಒಂದು ದಪ್ಪ ನೋಟ್‌ಬುಕ್, ನಿಮ್ಮ ಕಥೆ ನಡೆಯುವ ವರ್ಷದ ತಿಥಿಸಹಿತ ಕ್ಯಾಲೆಂಡರ್, ಜಿಲ್ಲೆಯ ನಕ್ಷೆ, 2024ರ ಜುಲೈ 1ರಿಂದ ಜಾರಿಗೆ ಬಂದ ಮೂರು ಹೊಸ ಕಾನೂನುಗಳಾದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮಗಳ ಪ್ರತಿ. ವೈದ್ಯಕೀಯ ವಿದ್ಯಾರ್ಥಿಗಳು ಓದುವ ವಿಧಿವಿಜ್ಞಾನ ವೈದ್ಯಶಾಸ್ತ್ರದ ಪಠ್ಯಪುಸ್ತಕವೊಂದು ಹಳೆಯದಾದರೂ ಸರಿ, ಸಿಕ್ಕರೆ ಇಟ್ಟುಕೊಳ್ಳಿ.

1. ಮೊದಲು ಓದು, ಅದೂ ಎರಡು ಸಲ

ಪತ್ತೇದಾರಿ ಕಾದಂಬರಿಯನ್ನು ಕಲಿಯುವ ಸಲುವಾಗಿ ಓದುವವರು ಒಂದೇ ಪುಸ್ತಕವನ್ನು ಎರಡು ಬಾರಿ ಓದಬೇಕು. ಮೊದಲ ಬಾರಿ ಎಲ್ಲರಂತೆ ಓದಿ. ಎರಡನೆಯ ಬಾರಿ ಅಪರಾಧಿ ಯಾರೆಂಬುದು ಗೊತ್ತಿರುವುದರಿಂದ, ಪೆನ್ಸಿಲ್ ಹಿಡಿದು, ಅವನ ಕಡೆ ಬೆರಳು ತೋರಿಸುವ ಪ್ರತಿಯೊಂದು ಸಾಲಿನ ಪುಟಸಂಖ್ಯೆಯನ್ನು ಗುರುತುಮಾಡಿಕೊಳ್ಳಿ. ಒಳ್ಳೆಯ ಕಾದಂಬರಿಯಲ್ಲಿ ಮುಖ್ಯ ಸುಳಿವು ಬಹಳ ಸಲ ಮೊದಲ ಮೂರನೇ ಒಂದು ಭಾಗದಲ್ಲಿಯೇ ಬಂದುಹೋಗಿರುವುದು ನಿಮಗೆ ಕಾಣುತ್ತದೆ.

ಕನ್ನಡದಲ್ಲಿ ಎನ್. ನರಸಿಂಹಯ್ಯನವರಿಂದ ಆರಂಭಿಸಿ. 500ಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದು, ಪತ್ತೇದಾರ ಪುರುಷೋತ್ತಮನನ್ನು ಮನೆಮಾತಾಗಿಸಿದವರು ಅವರು. ಅವರಿಂದ ಕಲಿಯಬೇಕಾದದ್ದು ವೇಗ: ಸಣ್ಣ ವಾಕ್ಯ, ಸಣ್ಣ ಅಧ್ಯಾಯ, ಪ್ರತಿ ಅಧ್ಯಾಯದ ಕೊನೆಯಲ್ಲಿ ಪುಟ ತಿರುಗಿಸಲೇಬೇಕಾದ ಒತ್ತಡ. ನಮ್ಮ ಭಾಗದ ಉರ್ದು ಓದುಗರ ಮನೆಗಳಲ್ಲಿ ಇಬ್ನೆ ಸಫಿಯ ಹೆಸರು ಕೇಳದವರು ಕಡಿಮೆ. 1952ರಲ್ಲಿ ಅಲಹಾಬಾದಿನಿಂದ ಶುರುವಾದ ಅವರ ‘ಜಾಸೂಸಿ ದುನಿಯಾ’ ಮಾಲಿಕೆ ಅಶ್ಲೀಲತೆಯ ಹಂಗಿಲ್ಲದೆ, ಹಾಸ್ಯದ ಬಲದಿಂದ ಸಾವಿರಾರು ಓದುಗರನ್ನು ಹಿಡಿದಿಟ್ಟಿತು. ಉರ್ದು ಓದಲು ಬಾರದಿದ್ದರೆ ದೇವನಾಗರಿ ಲಿಪಿಯ ಆವೃತ್ತಿಗಳನ್ನು ಹುಡುಕಿ.

ಪರದೇಶದವರಲ್ಲಿ ಇಬ್ಬರು ಸಾಕು. ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದ್ದರಿಂದಲೇ ಅವರ ಕಥೆಗಳಲ್ಲಿ ವಿಷದ ವಿಚಾರ ಅಷ್ಟು ಖಚಿತವಾಗಿದೆ; ನಿಮ್ಮ ಹೊಟ್ಟೆಪಾಡಿನ ಕೆಲಸ ಏನು ಕಲಿಸಿದೆಯೋ ಅದನ್ನೇ ಕಥೆಗೆ ದುಡಿಸಿಕೊಳ್ಳಿ ಎಂಬುದು ಅಲ್ಲಿನ ಪಾಠ. ಜಾರ್ಜ್ ಸಿಮೆನಾನ್ ಪಾತ್ರಗಳ ಹೆಸರನ್ನು ಟೆಲಿಫೋನ್ ಡೈರೆಕ್ಟರಿಯಿಂದ ಆಯ್ದು, ಅವರ ವಯಸ್ಸು, ಮನೆ, ಕುಟುಂಬದ ವಿವರಗಳನ್ನು ಒಂದು ಲಕೋಟೆಯ ಮೇಲೆ ಬರೆದುಕೊಂಡು, ಬಾಗಿಲು ಹಾಕಿಕೊಂಡು ಕೆಲವೇ ದಿನಗಳಲ್ಲಿ ಕಾದಂಬರಿ ಮುಗಿಸುತ್ತಿದ್ದರು. ಆ ವೇಗವನ್ನು ಅನುಕರಿಸುವ ಗೊಡವೆಗೆ ಹೋಗಬೇಡಿ. ಲಕೋಟೆಯ ಪದ್ಧತಿಯನ್ನು ಮಾತ್ರ ತೆಗೆದುಕೊಳ್ಳಿ.

ಇನ್ನೊಬ್ಬರನ್ನು ನಾವು ಬಿಡುವಂತಿಲ್ಲ, ಏಕೆಂದರೆ ಅವರು ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ವರ್ಷಗಟ್ಟಲೆ ಆಡಳಿತ ನಡೆಸಿದವರು. ಕರ್ನಲ್ ಮೆಡೋಸ್ ಟೇಲರ್ 1841ರಲ್ಲಿ ಸುರಪುರಕ್ಕೆ ಬರುವ ಮೊದಲೇ, 1839ರಲ್ಲಿ, ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ್ದರು. ಕೊಂದವನು ಯಾರೆಂಬುದು ಮೊದಲ ಪುಟದಲ್ಲೇ ತಿಳಿದಿದ್ದರೂ ಓದುಗನನ್ನು ಕೊನೆಯವರೆಗೆ ಹೇಗೆ ಕೂರಿಸಿಕೊಳ್ಳಬಹುದು ಎಂಬುದಕ್ಕೆ ಅದು ಇಂದಿಗೂ ಒಳ್ಳೆಯ ಮಾದರಿ. ಆದರೆ ಅದರ ದೋಷವನ್ನೂ ಕಣ್ತೆರೆದು ಓದಬೇಕು. ಕೆಲವು ಜನ ಹುಟ್ಟಿನಿಂದಲೇ ಅಪರಾಧಿಗಳು ಎಂಬ ಬ್ರಿಟಿಷ್ ಅಧಿಕಾರಿಗಳ ನೋಟವೇ ಮುಂದೆ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆಯಾಗಿ ಬಂತು. ಅದು ರದ್ದಾದದ್ದು 1952ರಲ್ಲಿ. ಕಾಯ್ದೆ ಹೋದರೂ ಅಭ್ಯಾಸ ಹೋಗಿಲ್ಲ. ಊರಾಚೆ ಡೇರೆ ಹಾಕಿದವರನ್ನು, ತಾಂಡಾದವರನ್ನು ಮೊದಲ ಅಧ್ಯಾಯದಲ್ಲೇ ಅನುಮಾನಕ್ಕೆ ಗುರಿಮಾಡುವ ಕಾದಂಬರಿಗಳು ಇಂದಿಗೂ ಬರುತ್ತಿವೆ. ನಿಮ್ಮ ಕಥೆಯ ಪಿಎಸ್‌ಐ ಹಾಗೆ ಯೋಚಿಸಬಹುದು. ನಿಮ್ಮ ಕಥೆ ಹಾಗೆ ಯೋಚಿಸಕೂಡದು.

2. ವರ್ಷವನ್ನೂ ತಿಂಗಳನ್ನೂ ಗೊತ್ತುಮಾಡಿ

“ಇತ್ತೀಚೆಗೆ” ಎಂಬ ಕಾಲದಲ್ಲಿ ಕೊಲೆ ನಡೆಯುವುದಿಲ್ಲ. ವರ್ಷ ಗೊತ್ತಾದ ಕೂಡಲೇ ನಮ್ಮ ಭಾಗದಲ್ಲಿ ಆ ಹೊತ್ತಿಗೆ ಏನಿತ್ತು, ಏನಿರಲಿಲ್ಲ ಎಂಬ ಪಟ್ಟಿ ಮಾಡಿ. ಬೀದರ್–ಕಲಬುರಗಿ ರೈಲುಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ ಕೊನೆಯಲ್ಲಿ. 2012ರ ಕಥೆಯಲ್ಲಿ ನಿಮ್ಮ ಅಪರಾಧಿ ಬೀದರಿನಲ್ಲಿ ರೈಲು ಹತ್ತಿ ನೇರವಾಗಿ ಕಲಬುರಗಿಯಲ್ಲಿ ಇಳಿಯಲಾರ, ಹುಮನಾಬಾದ್ ಮೇಲಿನ ಬಸ್ಸೇ ಗತಿ. ಕಲಬುರಗಿಯ ವಿಮಾನ ನಿಲ್ದಾಣ 2019ರ ನವೆಂಬರಿನದು. ಊರಿನ ಹೆಸರು ಸರ್ಕಾರಿ ಕಾಗದದಲ್ಲಿ ಗುಲಬರ್ಗಾ ಹೋಗಿ ಕಲಬುರಗಿ ಆದದ್ದು 2014ರ ನವೆಂಬರ್ 1ರಿಂದ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರ್ ಕೊನೆಗೆ. ಅದಕ್ಕಿಂತ ಹಿಂದಿನ ಕಥೆಯಲ್ಲಿ ಯಾದಗಿರಿಗೆ ಎಸ್‌ಪಿ ಇರುವುದಿಲ್ಲ. ಹೈಕೋರ್ಟಿನ ಪೀಠ ಕಲಬುರಗಿಗೆ ಬಂದದ್ದು 2008ರಲ್ಲಿ. ಅದಕ್ಕೆ ಮೊದಲು ಜಾಮೀನಿಗಾಗಿ ಹೈಕೋರ್ಟಿಗೆ ಹೋಗಬೇಕಾದವರು ರಾತ್ರಿಯಿಡೀ ಪ್ರಯಾಣಿಸಿ ಬೆಂಗಳೂರಿಗೇ ಹೋಗಬೇಕಾಗಿತ್ತು.

ತಿಂಗಳ ಆಯ್ಕೆಯೂ ಕಥೆಯನ್ನು ಕಟ್ಟುತ್ತದೆ. ಜೂನ್–ಜುಲೈನಲ್ಲಿ ಬಿತ್ತಿದ ತೊಗರಿ ನವೆಂಬರ್–ಡಿಸೆಂಬರ್ ಹೊತ್ತಿಗೆ ಆಳೆತ್ತರ ನಿಂತಿರುತ್ತದೆ. ಆಗ ಹೊಲದೊಳಗೆ ಹತ್ತು ಹೆಜ್ಜೆ ಹೋದವನು ರಸ್ತೆಗೆ ಕಾಣುವುದಿಲ್ಲ. ಕೊಯ್ಲು ಶುರುವಾದೊಡನೆ ಮರೆಯಾಗಿದ್ದದ್ದು ತಾನಾಗಿ ಬಯಲಿಗೆ ಬರುತ್ತದೆ. ಏಪ್ರಿಲ್‌ನಲ್ಲಿ ಅದೇ ಹೊಲ ಬೋಳು ಎರೆಭೂಮಿ, ಬಿರುಕುಬಿಟ್ಟ ನೆಲ. ಅಲ್ಲಿ ಯಾರೂ ಏನನ್ನೂ ಬಚ್ಚಿಡಲಾರರು. ಮಳೆಗಾಲದಲ್ಲಾದರೋ ಆ ಎರೆಮಣ್ಣು ಚಪ್ಪಲಿಗೂ ಟೈರಿಗೂ ಮೆತ್ತಿಕೊಂಡು ಸಾಕ್ಷಿಯಾಗಿ ಹಿಂಬಾಲಿಸುತ್ತದೆ.

ಸಾಮಾನ್ಯ ಎಡವಟ್ಟು: ಹಬ್ಬ ಹರಿದಿನಗಳನ್ನು ಅಂದಾಜಿನ ಮೇಲೆ ಹಾಕುವುದು. ಖ್ವಾಜಾ ಬಂದೇನವಾಜರ ಉರುಸು ಹಿಜ್ರಿ ತಿಥಿಯ ಪ್ರಕಾರ ನಡೆಯುವುದರಿಂದ ಪ್ರತಿವರ್ಷ ಸುಮಾರು 11 ದಿನ ಮುಂಚಿತವಾಗಿ ಬರುತ್ತದೆ. ಉರುಸಿನ ಜನಜಂಗುಳಿಯಲ್ಲಿ ಅಪರಾಧಿ ತಪ್ಪಿಸಿಕೊಂಡ ಎಂದು ಬರೆಯುವ ಮುನ್ನ ಆ ವರ್ಷ ಅದು ಮಳೆಗಾಲದಲ್ಲಿ ಬಂದಿತ್ತೋ ಬೇಸಿಗೆಯಲ್ಲೋ ಎಂದು ಕ್ಯಾಲೆಂಡರ್ ನೋಡಿ. ಬೆಳದಿಂಗಳಲ್ಲಿ ಮುಖ ಕಂಡೆ ಎನ್ನುವ ಸಾಕ್ಷಿ ಹೇಳಿದ ದಿನ ಅಮಾವಾಸ್ಯೆಯಾಗಿದ್ದರೆ, ಒಂದೋ ಅದು ನಿಮ್ಮ ಕಥೆಯ ಅತ್ಯುತ್ತಮ ಸುಳಿವು, ಇಲ್ಲವೇ ಅದರ ಅತಿ ದೊಡ್ಡ ತಪ್ಪು.

3. ಅಪರಾಧಿಯ ಕಥೆಯನ್ನು ಮೊದಲು ಪೂರ್ತಿ ಬರೆದಿಡಿ

ಪ್ರಕಟವಾಗುವ ಕಾದಂಬರಿ ಶವ ಸಿಕ್ಕಲ್ಲಿಂದ ಹಿಂದಕ್ಕೆ ನಡೆಯುತ್ತದೆ. ನಿಮ್ಮ ನೋಟ್‌ಬುಕ್ಕಿನ ಕಥೆ ಮಾತ್ರ ಮುಂದಕ್ಕೆ ನಡೆಯಬೇಕು. ಅಪರಾಧಿಗೆ ಯಾವಾಗ ಆ ಯೋಚನೆ ಬಂತು, ಅಂದು ಅವನು ಎಷ್ಟು ಗಂಟೆಗೆ ಎದ್ದ, ಯಾರಿಗೆ ಫೋನ್ ಮಾಡಿದ, ಯಾವ ಬಸ್ಸು ಹಿಡಿದ, ಕೃತ್ಯದ ನಂತರ ಎಲ್ಲಿ ಊಟ ಮಾಡಿದ ಎಂಬುದನ್ನೆಲ್ಲ ಗಂಟೆಗಳ ಸಮೇತ ಬರೆಯಿರಿ. ಅದರ ಪಕ್ಕದಲ್ಲೇ ಇನ್ನೊಂದು ಅಂಕಣ ಎಳೆದು, ಅದೇ ಗಂಟೆಗಳಲ್ಲಿ ಉಳಿದ ಪ್ರತಿಯೊಂದು ಮುಖ್ಯ ಪಾತ್ರ ಎಲ್ಲಿತ್ತು ಎಂದು ತುಂಬಿಸಿ. ಈ ಪಟ್ಟಿ ಓದುಗನಿಗೆ ಎಂದೂ ಕಾಣುವುದಿಲ್ಲ, ಆದರೆ ಇದಿಲ್ಲದೆ ನೂರನೆಯ ಪುಟದ ನಂತರ ಬರೆಯಲು ಕೂರುವುದು ವ್ಯರ್ಥ.

ಕಾರಣವನ್ನು ಹುಡುಕಲು ದೂರ ಹೋಗಬೇಕಿಲ್ಲ. ಗಂಜ್‌ನಲ್ಲಿ ಅಡತ್ ಅಂಗಡಿಯ, ಅಂದರೆ ದಲಾಲಿ ಮಂಡಿಯ, ಸಾಲ, ಪಾಲುಪಟ್ಟಿಯ ಜಗಳ, ಫರಸಿ ಕಲ್ಲಿನ ಗಣಿಯ ಲೀಸು, ನದಿಯ ಮರಳು, ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಬರೆದ ಜಮೀನಿನ ಹಳೆಯ ಕಾಗದ. ಈ ಕೊನೆಯದು ನನಗೆ ಬಹಳ ಪ್ರಿಯವಾದದ್ದು, ಏಕೆಂದರೆ 1948ರ ಸೆಪ್ಟೆಂಬರ್ 17ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ನಮ್ಮ ಮೂರು ಜಿಲ್ಲೆಗಳಲ್ಲಿ, ಹಕ್ಕುದಾರನೇ ಓದಲಾರದ ಲಿಪಿಯಲ್ಲಿ ಅವನ ಹಕ್ಕು ಬರೆದಿರುವುದುಂಟು. ಅದನ್ನು ಓದಿ ಹೇಳುವವನ ಕೈಯಲ್ಲಿ ಎಷ್ಟು ಅಧಿಕಾರವಿದೆ ಎಂದು ಯೋಚಿಸಿ ನೋಡಿ. ಹೀಗಿರುವಾಗ ಮಾದಕ ದ್ರವ್ಯದ ಅಂತರರಾಷ್ಟ್ರೀಯ ಜಾಲವನ್ನು ಚಿಂಚೋಳಿಗೆ ಎಳೆದು ತರುವ ಅಗತ್ಯವೇನಿದೆಯೋ ನನಗೆ ತಿಳಿಯದು.

4. ಠಾಣೆಯ ದಾರಿಯನ್ನು ತಿಳಿದುಕೊಳ್ಳಿ

ಹೊಸಬರ ಹಸ್ತಪ್ರತಿಗಳು ಹೆಚ್ಚಾಗಿ ಮುಗ್ಗರಿಸುವುದು ಇಲ್ಲಿಯೇ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಶವ ಸಿಕ್ಕಿದೆ, ಕೊಲೆಯೋ ಅಲ್ಲವೋ ತಿಳಿದಿಲ್ಲ ಎಂದಿಟ್ಟುಕೊಳ್ಳಿ. ಠಾಣೆಯಲ್ಲಿ ಮೊದಲು ದಾಖಲಾಗುವುದು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 194 ಇದಕ್ಕೆ ಸಂಬಂಧಿಸಿದ್ದು. ಪಂಚರ, ಅಂದರೆ ಸ್ಥಳೀಯ ಸಾಕ್ಷಿಗಳ ಸಮಕ್ಷಮದಲ್ಲಿ ಶವ ಪಂಚನಾಮೆ ನಡೆಯುತ್ತದೆ: ಶವ ಯಾವ ಭಂಗಿಯಲ್ಲಿತ್ತು, ಮೈಮೇಲೆ ಏನು ಗಾಯವಿತ್ತು, ಬಟ್ಟೆ ಯಾವುದು ಎಂಬುದರ ಲಿಖಿತ ವರದಿ. ಸತ್ತವಳು ಮದುವೆಯಾಗಿ 7 ವರ್ಷದೊಳಗಿನ ಮಹಿಳೆಯಾಗಿದ್ದರೆ ಸಾಮಾನ್ಯವಾಗಿ ತಹಸೀಲ್ದಾರರು ಬಂದು ಪಂಚನಾಮೆ ಮಾಡುತ್ತಾರೆ. ಆ ಬಳಿಕವೇ ಶವಪರೀಕ್ಷೆ. ಕೊಲೆಯೆಂಬ ಅನುಮಾನ ಗಟ್ಟಿಯಾದರೆ ಕಲಂ 173ರ ಕೆಳಗೆ ಎಫ್‌ಐಆರ್, ಅಂದರೆ ಪ್ರಥಮ ವರ್ತಮಾನ ವರದಿ. ಕೊಲೆಗೆ ಈಗ ನ್ಯಾಯ ಸಂಹಿತೆಯ ಕಲಂ 103. ಕೃತ್ಯ ನಡೆದದ್ದು 2024ರ ಜುಲೈ 1ಕ್ಕೆ ಮೊದಲಾದರೆ ಹಳೆಯ ದಂಡ ಸಂಹಿತೆಯ 302ನೇ ಕಲಮೇ ಅನ್ವಯವಾಗುತ್ತದೆ.

ತನಿಖೆ ಯಾರು ಮಾಡುತ್ತಾರೆ? ಹಳ್ಳಿಯ ಕಡೆ ಠಾಣೆಗೆ ಪಿಎಸ್‌ಐ ಮುಖ್ಯಸ್ಥ. ಕೊಲೆಯಂಥ ಪ್ರಕರಣವನ್ನು ಸಾಮಾನ್ಯವಾಗಿ ಹಲವು ಠಾಣೆಗಳ ಮೇಲಿರುವ ಸಿಪಿಐ, ಅಂದರೆ ವೃತ್ತ ನಿರೀಕ್ಷಕರು, ಕೈಗೆತ್ತಿಕೊಳ್ಳುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಸೇರಿದರೆ ತನಿಖಾಧಿಕಾರಿ ಡಿವೈಎಸ್‌ಪಿಗಿಂತ ಕೆಳಗಿನವರಾಗುವಂತಿಲ್ಲ. ಕಲಬುರಗಿ ನಗರಕ್ಕೆ ಈಗ ಪೊಲೀಸ್ ಕಮಿಷನರ್ ಇದ್ದಾರೆ, ಉಳಿದ ಜಿಲ್ಲೆಗೆ ಎಸ್‌ಪಿ. ಹಾಗಾಗಿ ನಗರದಲ್ಲಿ ಎಸಿಪಿ, ಹೊರಗೆ ಡಿವೈಎಸ್‌ಪಿ. ರೈಲಿನಲ್ಲೋ ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲೋ ಕೊಲೆಯಾದರೆ ಅದು ರೈಲ್ವೆ ಪೊಲೀಸ್ ಠಾಣೆಯ ಪ್ರಕರಣ. ಖಾಕಿ ತೊಟ್ಟ ರೈಲ್ವೆ ರಕ್ಷಣಾ ದಳದವರು ಅದರ ತನಿಖೆ ನಡೆಸುವುದಿಲ್ಲ. ಗಡಿ ಪಕ್ಕದ ಬೀದರ್ ಕಥೆಗಳಲ್ಲಿ ‘ಝೀರೋ ಎಫ್‌ಐಆರ್’ ಉಪಯೋಗಕ್ಕೆ ಬರುತ್ತದೆ: ಕೃತ್ಯ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸಬಹುದು.

ಇನ್ನು ಗಡಿಯಾರ. ಬಂಧಿತನನ್ನು ಪ್ರಯಾಣದ ಅವಧಿ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಪೊಲೀಸ್ ಕಸ್ಟಡಿ ಒಟ್ಟು 15 ದಿನ ಮೀರುವಂತಿಲ್ಲ. ಕೊಲೆ ಪ್ರಕರಣದಲ್ಲಿ 90 ದಿನದೊಳಗೆ ದೋಷಾರೋಪ ಪಟ್ಟಿ ಸಲ್ಲಿಕೆಯಾಗದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿಯೇ ಸಿಗುತ್ತದೆ. ಈ ಮೂರು ಅವಧಿಗಳು ಬರಹಗಾರನಿಗೆ ಪುಕ್ಕಟೆ ಸಿಕ್ಕ ಉತ್ಕಂಠೆ. ತೊಂಬತ್ತನೆಯ ದಿನ ಹತ್ತಿರವಾದಂತೆ ಪ್ರಯೋಗಾಲಯದ ವರದಿ ಬಾರದೆ ಒದ್ದಾಡುವ ಸಿಪಿಐ, ಬೆನ್ನಟ್ಟಿ ಓಡುವ ದೃಶ್ಯಕ್ಕಿಂತ ಹೆಚ್ಚು ಹಿಡಿದಿಡುತ್ತಾನೆ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇದು. ಕೊನೆಯ ಅಧ್ಯಾಯದಲ್ಲಿ ಅಪರಾಧಿ ಠಾಣೆಯಲ್ಲಿ ಕುಸಿದು ಕುಳಿತು ಎಲ್ಲವನ್ನೂ ಒಪ್ಪಿಕೊಂಡ ಎಂದು ಮುಗಿಸಬೇಡಿ. ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲೂ ಇರಲಿಲ್ಲ, ಹೊಸ ಅಧಿನಿಯಮದ ಕಲಂ 23ರಲ್ಲೂ ಇಲ್ಲ. ಬೆಲೆಯಿರುವುದು ಅವನ ಮಾತಿನಿಂದ ಹೊಸದಾಗಿ ಪತ್ತೆಯಾದ ವಸ್ತುವಿಗೆ ಮತ್ತು ಆ ವಸ್ತುವನ್ನು ಪತ್ತೆಮಾಡಿಸಿದ ಮಾತಿನ ಭಾಗಕ್ಕೆ. ಅವನು ತೋರಿಸಿದ ಜಾಗದಲ್ಲಿ, ಪಂಚರ ಎದುರು, ಭೀಮಾ ನದಿಯ ಮಡುವಿನಿಂದ ಕೊಡಲಿ ಮೇಲೆ ಬಂದರೆ ಅದು ಸಾಕ್ಷ್ಯ. ಹಾಗೆಯೇ, ಖಾಸಗಿ ಪತ್ತೇದಾರನಿಗೆ ಠಾಣೆಯ ಕಡತ ನೋಡುವ ಅಧಿಕಾರವಾಗಲಿ ಸಾಕ್ಷಿಯನ್ನು ಕರೆಸುವ ಅಧಿಕಾರವಾಗಲಿ ಇಲ್ಲ. ಪೊಲೀಸರಲ್ಲದ ನಾಯಕ ಬೇಕಿದ್ದರೆ ಮನೆಮನೆಗೆ ಹೋಗುವ ಮೀಟರ್ ರೀಡರ್, ಆಶಾ ಕಾರ್ಯಕರ್ತೆ, ವಕೀಲರ ಗುಮಾಸ್ತ, ಉರ್ದು ದಸ್ತಾವೇಜು ಓದುವ ಮುದುಕ, ಇಂಥವರನ್ನು ಆರಿಸಿ; ಅವರಿಗೆ ಬಾಗಿಲುಗಳು ತಾವಾಗಿ ತೆರೆಯುತ್ತವೆ.

ಇದನ್ನೆಲ್ಲ ಪುಸ್ತಕದಿಂದಷ್ಟೇ ಕಲಿಯಲಾಗದು. ಸೆಷನ್ಸ್ ನ್ಯಾಯಾಲಯದ ವಿಚಾರಣೆ, ಗೌಪ್ಯವಾಗಿ ನಡೆಸಬೇಕಾದ ಪ್ರಕರಣಗಳ ಹೊರತು, ಸಾರ್ವಜನಿಕರಿಗೆ ತೆರೆದಿರುತ್ತದೆ. ಕೆಲವು ದಿನ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತು ಪಾಟೀಸವಾಲು ಕೇಳಿ. ಪಂಚನಾಮೆಗೆ ಸಹಿ ಹಾಕಿದವನು ಕಟಕಟೆಯಲ್ಲಿ ನಿಂತು, ಓದದೆ ಸಹಿ ಮಾಡಿದೆ ಎನ್ನುವುದನ್ನು ಕೇಳಿದ ಮೇಲೆ ನಿಮ್ಮ ಕಥೆಯ ಸಾಕ್ಷಿಗಳು ಬೇರೆ ರೀತಿ ಮಾತಾಡತೊಡಗುತ್ತಾರೆ.

5. ಶವವನ್ನು ನಮ್ಮ ಬಿಸಿಲಿನಲ್ಲಿ ಇಡಿ

ಇಂಗ್ಲೆಂಡಿನ ಕಾದಂಬರಿಯಲ್ಲಿ ವೈದ್ಯರು ಶವದ ಉಷ್ಣತೆ ಎಷ್ಟು ಇಳಿದಿದೆ ಎಂದು ನೋಡಿ ಸಾವಿನ ಸಮಯ ಹೇಳುತ್ತಾರೆ. ಕಲಬುರಗಿಯ ಮೇ ತಿಂಗಳಲ್ಲಿ ಗಾಳಿಯ ಉಷ್ಣತೆಯೇ 42–43 ಡಿಗ್ರಿ ಇರುವಾಗ, ತಗಡಿನ ಶೆಡ್ಡಿನಲ್ಲಿರುವ 37 ಡಿಗ್ರಿಯ ದೇಹ ತಣ್ಣಗಾಗುವುದಾದರೂ ಹೇಗೆ? ಅದು ಇನ್ನಷ್ಟು ಬಿಸಿಯಾಗಬಹುದು. ಮರಣೋತ್ತರ ಬಿಗಿತ, ಅಂದರೆ ಸ್ನಾಯುಗಳು ಸೆಟೆದುಕೊಳ್ಳುವುದು, ಸೆಕೆಯಲ್ಲಿ ಬೇಗ ಬಂದು ಬೇಗ ಹೋಗುತ್ತದೆ. ಚಳಿಗಾಲದಲ್ಲಿ ಅದೇ ಬಿಗಿತ ಹೆಚ್ಚು ಹೊತ್ತು ನಿಲ್ಲುತ್ತದೆ. ಕೊಳೆಯುವಿಕೆಯೂ ಹಾಗೆಯೇ. ಆದ್ದರಿಂದ ನಿಮ್ಮ ಕಥೆಯ ವೈದ್ಯರು ರಾತ್ರಿ 10 ಗಂಟೆ 20 ನಿಮಿಷಕ್ಕೆ ಸತ್ತಿದ್ದಾನೆ ಎಂದು ಹೇಳಕೂಡದು. ಕೆಲವು ಗಂಟೆಗಳ ಅಂತರವನ್ನು ಮಾತ್ರ ಹೇಳಲಿ. ಆ ಅಂತರದಲ್ಲಿಯೇ ಇಬ್ಬರು ಮೂವರು ಶಂಕಿತರು ಹಿಡಿಸುತ್ತಾರೆ, ನಿಮಗೆ ಬೇಕಾದದ್ದೂ ಅದೇ.

ಕೊಲೆಯ ಶಂಕೆಯಿರುವ ಶವದ ಪರೀಕ್ಷೆಯನ್ನು ಸಾಮಾನ್ಯವಾಗಿ ಸೂರ್ಯಾಸ್ತದ ನಂತರ ಮಾಡುವುದಿಲ್ಲ. ಒಳ ಅಂಗಗಳ ಮಾದರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋದರೆ ವರದಿ ಮರುದಿನ ಬರುವುದಿಲ್ಲ. ಪ್ರಾದೇಶಿಕ ಪ್ರಯೋಗಾಲಯ ಕಲಬುರಗಿಯಲ್ಲೇ ಇದೆಯೆಂದು ಅದು ಬೇಗ ಬಂದುಬಿಡುತ್ತದೆ ಎಂದು ತಿಳಿಯಬೇಡಿ. ಬಾವಿಯಲ್ಲಿ ಸಿಕ್ಕ ಶವವಾದರೆ ಡಯಾಟಮ್ ಪರೀಕ್ಷೆ ಇದೆ: ನೀರಿನಲ್ಲಿರುವ ಸೂಕ್ಷ್ಮ ಪಾಚಿಕಣಗಳು ಮೂಳೆಯ ಮಜ್ಜೆಯಲ್ಲಿ ಕಂಡರೆ ಜೀವವಿದ್ದಾಗಲೇ ಮುಳುಗಿರುವ ಸಾಧ್ಯತೆ ಹೆಚ್ಚು. ಮೊಬೈಲಿನ ಟವರ್ ಲೊಕೇಶನ್ ಒಂದು ಪ್ರದೇಶವನ್ನು ಹೇಳುತ್ತದೆಯೇ ಹೊರತು ಯಾವ ಕೋಣೆ ಎಂಬುದನ್ನು ಹೇಳುವುದಿಲ್ಲ. ವಿಷದ ವಿಚಾರದಲ್ಲಿ ಒಂದು ಕಿವಿಮಾತು: ಪ್ರಮಾಣ, ಬೆರೆಸುವ ವಿಧಾನ ಇವನ್ನು ಬರೆಯಬೇಡಿ. ಕಥೆಗೆ ಅದು ಬೇಕಾಗುವುದೇ ಇಲ್ಲ.

6. ಸುಳಿವನ್ನು ಬಯಲಲ್ಲೇ ಇಡಿ

ಸುಳಿವನ್ನು ಮುಚ್ಚಿಟ್ಟು ಕೊನೆಯಲ್ಲಿ ಹೊರತೆಗೆಯುವುದು ಮೋಸ. ಓದುಗನ ಕಣ್ಣೆದುರೇ ಇಟ್ಟು, ಅವನ ಗಮನವನ್ನು ಬೇರೆಡೆಗೆ ಸೆಳೆಯುವುದು ಕಸುಬು. ಒಂದು ಉದಾಹರಣೆ ಕಟ್ಟಿ ತೋರಿಸುತ್ತೇನೆ. ದಾಲ್ ಮಿಲ್ಲಿನ ಗೋದಾಮಿನಲ್ಲಿ ಮುನೀಮನ ಶವ ಸಿಕ್ಕಿದೆ. ಪಿಎಸ್‌ಐ ರಾತ್ರಿ ಕಾವಲಿನವನನ್ನು ಕೇಳುತ್ತಾನೆ:

“ಕಾಕಾ, ರಾತ್ರಿ ಯಾರರ ಬಂದಿದ್ರೇನು?”

“ಯಾರೂ ಬಂದಿಲ್ರಿ ಸಾಹೇಬ್ರ. ಕರೆಂಟ್ ಹೋದ ಮ್ಯಾಲ ಧಗಿ ತಡಿಲಾರದ ಹೊರಗ ಫರಸಿ ಮ್ಯಾಲ ಅಡ್ಡಾದೆ. ಒಳಗ ಫ್ಯಾನ್ ಸಪ್ಪಳ ಕೇಳಲತ್ತಿತ್ತು, ಮುನೀಮರು ಲೆಕ್ಕ ಬರಿಲತ್ತಾರ ಅಂತ ಸುಮ್ಮನಾದೆ. ನಾ ಮಲಗಬಾರದಿತ್ರಿ, ನಂದೇ ತಪ್ಪು. ಮಾಲಕರು ಕೆಲಸದಿಂದ ತೆಗೀತಾರೇನ್ರಿ?”

ಕರೆಂಟ್ ಹೋದ ಮೇಲೆ ಫ್ಯಾನ್ ತಿರುಗುವುದು ಹೇಗೆ? ಸುಳಿವು ಪುಟದ ಮೇಲೆಯೇ ಇದೆ. ಆದರೆ ಮುದುಕನ ಕೊನೆಯ ಅಳಲು ಓದುಗನ ಮನಸ್ಸನ್ನು ಕರುಣೆಯ ಕಡೆ ಎಳೆದೊಯ್ಯುತ್ತದೆ. ಪಿಎಸ್‌ಐ ಇಲ್ಲಿ ಹುಬ್ಬೇರಿಸಕೂಡದು. ಸಮಾಧಾನದ ಮಾತೊಂದನ್ನು ಹೇಳಿ ಮುಂದೆ ಹೋಗಲಿ. ಆಮೇಲೆ ನೀವು ಮೂರು ತೂತುಗಳನ್ನು ಮುಚ್ಚಬೇಕು. ಗೋದಾಮಿನಲ್ಲಿ ಇನ್ವರ್ಟರ್ ಇರಲಿಲ್ಲ ಎಂಬುದು ಇದಕ್ಕೂ ಹಿಂದಿನ ಅಧ್ಯಾಯದಲ್ಲಿ, ಬೇರೆ ಯಾವುದೋ ಮಾತಿನ ನಡುವೆ ಬಂದಿರಬೇಕು. ಆ ರಾತ್ರಿ ಆ ಭಾಗದಲ್ಲಿ ವಿದ್ಯುತ್ ಎಷ್ಟರಿಂದ ಎಷ್ಟರವರೆಗೆ ಇರಲಿಲ್ಲ ಎಂಬುದು ನಮ್ಮ ಭಾಗದ ವಿದ್ಯುತ್ ಸರಬರಾಜು ಕಂಪನಿಯಾದ ಜೆಸ್ಕಾಂ ದಾಖಲೆಯಿಂದ ಸಿಗಬೇಕು. ಮತ್ತು ಮುದುಕ ಏಕೆ ಸುಳ್ಳು ಹೇಳಿದ ಎಂಬುದಕ್ಕೆ ಕೊಲೆಗೆ ಸಂಬಂಧವಿಲ್ಲದ ಸ್ವಂತದ ಕಾರಣ ಇರಬೇಕು. ಬಹುಶಃ ಆ ಹೊತ್ತಿನಲ್ಲಿ ಅವನು ಅಲ್ಲಿ ಇರಲೇ ಇಲ್ಲ.

7. ಮಾತು ಮತ್ತು ಹೆಸರು

ನಿರೂಪಣೆ ಶಿಷ್ಟ ಕನ್ನಡದಲ್ಲಿರಲಿ, ಮಾತು ಊರಿನದಾಗಿರಲಿ. ಆದರೆ ಎಲ್ಲ ಪಾತ್ರಗಳಿಗೂ ಒಂದೇ ಆಡುಮಾತನ್ನು ತೊಡಿಸಬೇಡಿ. ಮೈಸೂರು ಕಡೆಯಿಂದ ವರ್ಗವಾಗಿ ಬಂದ ಎಸ್‌ಪಿ, ಗಂಜ್‌ನ ಸಾಹುಕಾರ, ದಖನಿ ಉರ್ದು ಬೆರೆಸುವ ಮೆಕ್ಯಾನಿಕ್, ಮರಾಠಿ ಸುಳಿಯುವ ಆಳಂದದ ಮುದುಕಿ ಬೇರೆಬೇರೆಯಾಗಿ ಕೇಳಿಸಬೇಕು. ತುಂಬ ದಟ್ಟವಾಗಿ ಬರೆದರೆ ಬೇರೆ ಕಡೆಯ ಓದುಗರು ದಣಿಯುತ್ತಾರೆ. ಕ್ರಿಯಾಪದದ ಕೊನೆ ಮತ್ತು ಸಂಬೋಧನೆ ಇವೆರಡನ್ನು ಸರಿಯಾಗಿ ಹಿಡಿದರೆ ಊರು ತಾನಾಗಿ ಕೇಳಿಸುತ್ತದೆ.

ಹೆಸರಿನ ಬಗ್ಗೆ ನಮ್ಮ ಭಾಗದವರಿಗೇ ವಿಶೇಷವಾದ ತೊಂದರೆಯೊಂದಿದೆ. ಶರಣಪ್ಪ, ಶರಣಬಸಪ್ಪ, ಶಿವಶರಣಪ್ಪ, ಶರಣಗೌಡ ನಾಲ್ವರೂ ಒಂದೇ ಓಣಿಯಲ್ಲಿರುವುದು ನಿಜಜೀವನದಲ್ಲಿ ಸಹಜ. ಕಾದಂಬರಿಯಲ್ಲಿ ಮಾತ್ರ ಒಬ್ಬನನ್ನೇ ಉಳಿಸಿಕೊಳ್ಳಿ. ಪ್ರತಿ ಮುಖ್ಯ ಪಾತ್ರದ ಹೆಸರು ಬೇರೆ ಬೇರೆ ಅಕ್ಷರದಿಂದ ಶುರುವಾಗುವಂತೆ ಪಟ್ಟಿ ಮಾಡಿ.

8. ದಿನಚರಿ

ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತನ್ನು ಬರವಣಿಗೆಯಿಂದ ಬಿಟ್ಟುಬಿಡಿ. ಬೆಳಗಿನ 5ರಿಂದ 7ರವರೆಗೆ ಬರೆಯಿರಿ. ಫೋನ್ ಇನ್ನೊಂದು ಕೋಣೆಯಲ್ಲಿರಲಿ. ದಿನಕ್ಕೆ 500 ಪದ ಸಾಕು, ನಾಲ್ಕು ತಿಂಗಳಲ್ಲಿ 60,000 ಪದಗಳ ಕರಡು ಮುಗಿಯುತ್ತದೆ. ಹಿಂದಿನ ದಿನದ್ದನ್ನು ತಿದ್ದುತ್ತಾ ಕೂರಬೇಡಿ. ತಪ್ಪು ಕಂಡರೆ ಅಂಚಿನಲ್ಲಿ ಗುರುತುಮಾಡಿ ಮುಂದೆ ಸಾಗಿ. ಸಂಜೆ ನಡೆದಾಡಿ, ಆದರೆ ಸುಮ್ಮನೆ ನಡೆದಾಡಬೇಡಿ: ನಿಮ್ಮ ಪಾತ್ರ ಕಲಬುರಗಿಯ ಸೂಪರ್ ಮಾರ್ಕೆಟ್‌ ಪ್ರದೇಶದಿಂದ ರೈಲ್ವೆ ಸ್ಟೇಷನ್ನಿಗೆ ನಡೆದು ಹೋಗುವುದಿದ್ದರೆ ನೀವೂ ಗಡಿಯಾರ ನೋಡಿಕೊಂಡು ನಡೆಯಿರಿ. ಬೀದರ್ ಬಳಿಯ ನೌಬಾದಿನ ಸುರಂಗ ಬಾವಿಯನ್ನೋ ಕೋಟೆಯನ್ನೋ ಬಳಸುವ ಆಸೆಯಿದ್ದರೆ ಹೋಗಿ ನೋಡಿ, ಯಾವ ಬಾಗಿಲು ಎಷ್ಟು ಗಂಟೆಗೆ ಮುಚ್ಚುತ್ತದೆ ಎಂದು ಕೇಳಿಕೊಳ್ಳಿ.

ಪತ್ರಿಕೆಯ ಜಿಲ್ಲಾ ಪುಟದ ಅಪರಾಧ ಸುದ್ದಿಗಳನ್ನು ಕತ್ತರಿಸಿಡುವ ಅಭ್ಯಾಸ ಒಳ್ಳೆಯದು. ಆದರೆ ಅದರಿಂದ ತೆಗೆದುಕೊಳ್ಳಬೇಕಾದದ್ದು ಒಂದು ಸಣ್ಣ ವಿವರವನ್ನಷ್ಟೇ, ಪ್ರಕರಣವನ್ನೇ ಎತ್ತಿಕೊಳ್ಳಬೇಡಿ. ಗುರುತು ಹಿಡಿಯುವಂತೆ ಬರೆದರೆ ಮಾನನಷ್ಟದ ಮೊಕದ್ದಮೆ ಎದುರಿಸಬೇಕಾದೀತು. ಲೈಂಗಿಕ ಅಪರಾಧದ ಸಂತ್ರಸ್ತೆಯ ಗುರುತು ಬಯಲುಮಾಡುವುದಂತೂ ಸ್ವತಃ ಅಪರಾಧ. ಅದಕ್ಕಿಂತ ಹೆಚ್ಚಾಗಿ, ಸತ್ತವರ ಮನೆಯವರು ನಮ್ಮ ಊರಿನಲ್ಲೇ ಇರುತ್ತಾರೆ.

9. ತಿದ್ದುವುದು ಮತ್ತು ಕಳಿಸುವುದು

ಕರಡು ಮುಗಿದ ಮೇಲೆ ಕೆಲವು ವಾರ ಮುಟ್ಟಬೇಡಿ. ನಂತರ ಮೂರು ಸುತ್ತು ಓದಿ: ಒಂದು ಸುತ್ತು ಬರೀ ಗಂಟೆ ಮತ್ತು ದಿನಾಂಕಗಳಿಗಾಗಿ, ನೋಟ್‌ಬುಕ್ಕಿನ ಪಟ್ಟಿ ಪಕ್ಕದಲ್ಲಿಟ್ಟುಕೊಂಡು, ಒಂದು ಸುತ್ತು ಸುಳಿವುಗಳಿಗಾಗಿ, ಕೊನೆಯದು ಭಾಷೆಗಾಗಿ. ಆಮೇಲೆ ಇಬ್ಬರಿಗೆ ಕೊಡಿ. ಒಬ್ಬರು ಪತ್ತೇದಾರಿ ಕಥೆಗಳ ಹುಚ್ಚಿರುವವರು, ಇನ್ನೊಬ್ಬರು ವಕೀಲರೋ ನಿವೃತ್ತ ಪೊಲೀಸರೋ ಆಗಿರಲಿ. ಮೊದಲನೆಯವರನ್ನು ಒಂದೇ ಪ್ರಶ್ನೆ ಕೇಳಿ: ಅಪರಾಧಿ ಯಾರೆಂದು ಯಾವ ಪುಟದಲ್ಲಿ ಅನುಮಾನ ಬಂತು? ಅರ್ಧಕ್ಕಿಂತ ಮೊದಲೇ ಬಂದಿದ್ದರೆ ಒಂದು ಸುಳಿವನ್ನು ಮಂದಮಾಡಿ. ಕೊನೆಗೂ ಬರಲಿಲ್ಲ, ಬಂದಾಗ ಮೋಸವೆನಿಸಿತು ಎಂದರೆ ಒಂದನ್ನು ಸೇರಿಸಿ.

ಹಸ್ತಪ್ರತಿಯನ್ನು ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿ. ಕೆಲವು ಪ್ರಕಾಶಕರು ಈಗಲೂ ಹಳೆಯ ನುಡಿ ಅಕ್ಷರವಿನ್ಯಾಸದ ಕಡತ ಕೇಳುತ್ತಾರೆ. ಹಾಗೆ ಪರಿವರ್ತಿಸಿದಾಗ ಅರ್ಕಾವತ್ತು ಮತ್ತು ಒತ್ತಕ್ಷರಗಳು ಕೆಡುವುದರಿಂದ ಕರಡಚ್ಚನ್ನು ನೀವೇ ಮತ್ತೊಮ್ಮೆ ಓದಬೇಕು. ವಾರಪತ್ರಿಕೆಗೆ ಧಾರಾವಾಹಿಯಾಗಿ ಕಳಿಸುವುದಾದರೆ ಅವರ ಕಂತಿನ ಪದಮಿತಿ ಮೊದಲೇ ಕೇಳಿಕೊಂಡು ಅಧ್ಯಾಯಗಳನ್ನು ಮರುಹಂಚಿಕೆ ಮಾಡಿ. ಸ್ವಂತ ಪ್ರಕಟಣೆಯಾದರೆ ಐಎಸ್‌ಬಿಎನ್ ಸಂಖ್ಯೆಯನ್ನು ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಹೆಸರಿನ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಅದಕ್ಕೆ ಹಣ ಕೇಳುವ ಮಧ್ಯವರ್ತಿಗಳಿಗೆ ಕೊಡಬೇಡಿ. ಉತ್ತರ ಬರುವವರೆಗೆ ಕಾಯುತ್ತಾ ಕೂರದೆ ಮುಂದಿನ ಕಥೆಯ ವರ್ಷ ಮತ್ತು ತಿಂಗಳನ್ನು ಗೊತ್ತುಮಾಡಿಕೊಳ್ಳಿ.